ಟವೆಲಿನ ಕೆಳಗಿನ ಕೈ

ಕೌಜಲಗಿಯ ದಲಾಲ ರಾಚಪ್ಪ, ಯಾರಾದರೂ ಎದುರು ಬಂದು ನಕ್ಕರೆ, ನಗುವನ್ನು ಬಿಟ್ಟು ಅವರ ಹಲ್ಲು ನೋಡುತ್ತಿದ್ದ. ಮೂವತ್ತು ವರ್ಷ ಮೂಡಲಗಿಯ ದನದ ಸಂತೆಯಲ್ಲಿ ಎತ್ತುಗಳ ಬಾಯಿ ತೆರೆದು ವಯಸ್ಸು ಹೇಳಿದವನು, ಪಾಪ, ಇನ್ನೇನು ಮಾಡಿಯಾನು? ಮಾರುವವನು "ಎತ್ತು ಹಾಯೂದಿಲ್ರಿ" ಅಂದರೆ ರಾಚಪ್ಪ ಕೋಡಿನ ತುದಿ ಸವರಿ ನೋಡುತ್ತಿದ್ದ. "ನಾಕು ಹಲ್ಲು" ಅಂದರೆ ಎಣಿಸುತ್ತಿದ್ದ. ಮನೆಯಲ್ಲಿ ಹೆಂಡತಿ ಯಲ್ಲವ್ವ ಚಹಾ ತಂದಿಟ್ಟು "ಸಕ್ಕರಿ ಹಾಕೇನ್ರಿ" ಅಂದರೂ ಚಮಚೆಯಿಂದ ತಳ ಕೆದಕಿ ನೋಡಿಯೇ ಬಾಯಿಗಿಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಯಲ್ಲವ್ವನಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಚಮಚೆಯನ್ನೂ ಕಪ್ಪಿನ ಜೊತೆಗೇ ಇಟ್ಟುಕೊಡತೊಡಗಿದಳು.

ಇಂಥವನು ಕಣ್ಣು ಮುಚ್ಚಿ ನಂಬುವ ಜಾಗವೂ ಒಂದಿತ್ತು. ಅದು ಟವೆಲಿನ ಕೆಳಗೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಮಾರುವವನ ಕಡೆಗೊಬ್ಬ ದಲಾಲ, ಕೊಳ್ಳುವವನ ಕಡೆಗೊಬ್ಬ. ಇಬ್ಬರೂ ಕೈ ಹಿಡಿದುಕೊಂಡು ಮೇಲೆ ಟವೆಲು ಹಾಕುತ್ತಾರೆ. ಒಳಗೆ ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು, ಗೆಣ್ಣು ಒತ್ತಿದರೆ ಅರ್ಧ; ಅದು ಸಾವಿರವೋ ಹತ್ತು ಸಾವಿರವೋ ಎಂಬುದು ದನ ನೋಡಿದಾಗಲೇ ಇಬ್ಬರಿಗೂ ಗೊತ್ತು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ವ್ಯವಹಾರ ಮುಗಿಯುವ ತನಕ ಟವೆಲು ತೆಗೆಯುವಂತಿಲ್ಲ, ಒಳಗೆ ಹಿಡಿದದ್ದನ್ನು ಹೊರಗೆ ಬಂದು ಇಲ್ಲ ಅನ್ನುವಂತಿಲ್ಲ. ಹುಕ್ಕೇರಿಯ ಕೆಂಚಪ್ಪನೂ ರಾಚಪ್ಪನೂ ಇಪ್ಪತ್ತೈದು ವರ್ಷ ಹೀಗೆ ಎದುರುಬದುರು ನಿಂತು ದನ ದಾಟಿಸಿದವರು. ಕೆಂಚಪ್ಪ "ಇವತ್ತ ಬಿಸಲು ಭಾಳ ಐತಿ" ಅಂದರೆ ರಾಚಪ್ಪ ಒಮ್ಮೆ ಆಕಾಶ ನೋಡುತ್ತಿದ್ದ. ಆದರೆ ಅದೇ ಕೆಂಚಪ್ಪನ ಬೆರಳ ಮೇಲೆ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ರಾಚಪ್ಪನ ಅಂಗಿಯ ಗುಂಡಿಗಳು ಮಾತು ಕೇಳದಾದವು. ಹಾಕಲು ಹೋದರೆ ಬೆರಳಿನಿಂದ ಜಾರುತ್ತಿದ್ದವು. ಗೋಕಾಕದ ದರ್ಜಿ ಕಾಜಾ ಸಣ್ಣದು ಮಾಡಿ ಕೆಲಸ ಕೆಡಿಸಿದ್ದಾನೆ ಎಂದು ತೀರ್ಮಾನಿಸಿ ಅಂಗಡಿಗೇ ಹೋಗಿ ಜಗಳ ತೆಗೆದು ಬಂದ. ಆಮೇಲೆ ಚಹಾದ ಕಪ್ಪು ಎರಡು ಸಲ ಕೈಯಿಂದ ಬಿತ್ತು. ಯಲ್ಲವ್ವ ಎಣ್ಣೆಗೈಯಲ್ಲಿ ಕಪ್ಪು ಮುಟ್ಟಿದ್ದೇ ಕಾರಣ ಅಂದ. ಒಂದು ದಿನ ಬಸ್ ಸ್ಟ್ಯಾಂಡಿನಿಂದ ಮನೆಗೆ ಬಂದು ನೋಡಿದರೆ ಎಡಗಾಲಿನಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಕಳಚಿತೋ ಕಾಲಿಗೆ ಗೊತ್ತೇ ಆಗಿರಲಿಲ್ಲ. ಚಪ್ಪಲಿ ಅಂಗಡಿಯವನು ಅಳತೆಯಲ್ಲಿ ಮೋಸ ಮಾಡಿದ್ದಾನೆ ಅಂದ. ಊರಿನವರೆಲ್ಲ ಒಟ್ಟಾಗಿ ತನಗೆ ಮೋಸ ಮಾಡುತ್ತಿದ್ದಾರೆ ಎಂದು ನಂಬುವುದು ಸುಲಭವಾಯಿತೇ ಹೊರತು, ತನ್ನ ಕೈಕಾಲೇ ತನಗೆ ಸುಳ್ಳು ಹೇಳುತ್ತಿವೆ ಎಂಬುದು ಆ ತಲೆಗೆ ಹೊಳೆಯಲಿಲ್ಲ.

ಆಗಲೇ ಮೂಡಲಗಿಯಲ್ಲಿ ಆ ಪ್ರಸಂಗ ನಡೆಯಿತು. ರಾಚಪ್ಪನ ಊರಿನವನೇ ಆದ ಬಾಳೇಶ ತನ್ನ ಕಿಲಾರಿ ಎತ್ತಿನ ಜೋಡಿಯನ್ನು ಮಾರಲು ತಂದಿದ್ದ. ಕೆಂಚಪ್ಪ ಹುಕ್ಕೇರಿ ಕಡೆಯ ಗಿರಾಕಿಯೊಬ್ಬನನ್ನು ಕರೆತಂದಿದ್ದ. ಲಕ್ಷದ ಮೇಲೆ ಎಷ್ಟು ಎಂಬುದಷ್ಟೇ ಉಳಿದಿತ್ತು. ಟವೆಲಿನ ಕೆಳಗೆ ಕೆಂಚಪ್ಪ ಕೈ ಹಿಡಿದ. ರಾಚಪ್ಪನಿಗೆ ನಾಲ್ಕು ಬೆರಳು ಅನ್ನಿಸಿತು. ಬಾಳೇಶನ ಕಿವಿಯಲ್ಲಿ "ನಲವತ್ತು ಸಾವಿರ" ಅಂದ. ಬಾಳೇಶ ಖುಷಿಯಿಂದ ಹಗ್ಗ ಬಿಚ್ಚಿಕೊಟ್ಟ. ಗಿರಾಕಿ ತೆಗೆದುಕೊಟ್ಟದ್ದು ಮೂವತ್ತು.

"ಮೂರು ಹಿಡದೀನಿ," ಅಂದ ಕೆಂಚಪ್ಪ.

"ನಾಕು ಹಿಡದೀ ಮಗನ! ಇಪ್ಪತ್ತೈದ್ ವರ್ಷ ಆತು, ಟಾವೆಲ್‌ನ್ಯಾಗ ಸುಳ್ಳ ಹೇಳಾಕ ಇವತ್ತ ಚಾಲೂ ಮಾಡಿದೆಲ್ಲ!"

ಸಂತೆಯೇ ನೆರೆಯಿತು. ಕೆಂಚಪ್ಪ ರಾಚಪ್ಪನ ಮುಖ ನೋಡಲಿಲ್ಲ, ಕೈ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುತ್ತಲಿನ ಜನರನ್ನು ಕಂಡು ಮುಚ್ಚಿದ. ಆಮೇಲೆ ಮೆಲ್ಲಗೆ "ಆತು ಬಿಡಪಾ, ನಂದ ತಪ್ಪಾತು" ಅಂದುಬಿಟ್ಟ. ವ್ಯಾಪಾರ ಮುರಿದು ಬಾಳೇಶ ಎತ್ತು ಹೊಡೆದುಕೊಂಡು ಊರಿಗೆ ಹೋದ. ತಪ್ಪು ಮಾಡದವನು ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಯೇ ಎಂದು ರಾಚಪ್ಪ ಹತ್ತು ಜನರ ಮುಂದೆ ಕೇಳಿದ. ಹತ್ತು ಜನ ನೂರು ಜನರಿಗೆ ಹೇಳಿದರು. ಹುಕ್ಕೇರಿಯ ಕೆಂಚಪ್ಪ ಬೆರಳು ತಪ್ಪಿದ ದಲಾಲ ಎಂಬ ಹೆಸರು ಮುಂದಿನ ಸಂತೆಯೊಳಗೆ ಗಟ್ಟಿಯಾಯಿತು.

ಅಷ್ಟರಲ್ಲಿ ಧುಪದಾಳಕ್ಕೆ ಕೊಟ್ಟ ಮಗಳು ಶೋಭಾ ಬಂದಳು. ಅಪ್ಪ ಗೋಡೆ ಹಿಡಿದು ನಡೆಯುವುದನ್ನು ಕಂಡವಳೇ ಗೋಕಾಕದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದಾಗ ಕಾಲು ಟೇಬಲ್ಲಿಗೆ ತಾಗುವಷ್ಟು ಜಿಗಿಯಿತು. ರಾಚಪ್ಪ ಮಗಳ ಕಡೆ ತಿರುಗಿ "ನೋಡಿದೇನು, ಕಾಲಾಗ ಇನ್ನೂ ದಮ್ ಐತಿ" ಅಂದ. ಡಾಕ್ಟರ ಮುಖ ಮಾತ್ರ ಸಣ್ಣದಾಯಿತು. ಕಾಲು ಹಾಗೆ ಜಿಗಿಯಬಾರದು, ಕುತ್ತಿಗೆಯಲ್ಲಿ ಬೆನ್ನುಹುರಿ ಎಲ್ಲೋ ಅದುಮಿದೆ, ಬೆಳಗಾವಿಗೆ ಹೋಗಿ ಎಂಆರ್‌ಐ ಮಾಡಿಸಿ ಅಂದರು.

ಬೆಳಗಾವಿಯ ಡಾಕ್ಟರು ಆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಕುತ್ತಿಗೆಯ ಮೂಳೆಗಳ ನಡುವೆ ಬೆಳ್ಳಗೆ ಇಳಿದ ಹುರಿ ಮೂರು ಕಡೆ ಚಪ್ಪಟೆಯಾಗಿತ್ತು. ಹಿಂದಿನಿಂದ ಕುತ್ತಿಗೆ ತೆರೆದು, ಒತ್ತುವ ಮೂಳೆ ತೆಗೆದು, ಸ್ಕ್ರೂ ಹಾಕಬೇಕು, ತಡ ಮಾಡಬಾರದು ಅಂದರು. ತಡ ಮಾಡಿದರೆ ಮೊದಲು ಕೈ ಹೋಗುತ್ತದೆ, ಆಮೇಲೆ ಕಾಲು.

"ಕೈ ಜೋಮು ಅಂತ ಹೋದ್ರ ಕುತ್ತಿಗಿ ಕೊಯ್ತೀನಂತಾನ," ಎಂದು ರಾಚಪ್ಪ ವಾಪಸು ಬರುವ ಬಸ್ಸಿನಲ್ಲಿ ಗುಡುಗಿದ. "ಹಲ್ಲ ನೋಡಂದ್ರ ಬಾಲ ಎತ್ತಿ ನೋಡವ್ರು ಇವ್ರು."

ಅವನ ಸಿಟ್ಟಿಗೆ ಆಧಾರವೂ ಇತ್ತು. ಶೋಭಾಳ ಮಾವ, ಧುಪದಾಳದ ಬೀಗ ಮುತ್ತಪ್ಪನಿಗೆ ಹಿಂದಿನ ವರ್ಷ ಸೊಂಟದಲ್ಲಿ ನರ ಒತ್ತಿ ಕಾಲು ಸೆಳೆತ ಬಂದಿತ್ತು. ಹುಬ್ಬಳ್ಳಿಯ ಡಾಕ್ಟರೊಬ್ಬರು ಬೆರಳು ದಪ್ಪದ ನಳಿಗೆ ತೂರಿಸಿ, ಸಣ್ಣ ತೂತಿನಲ್ಲೇ ಕೆಲಸ ಮುಗಿಸಿ, ಎರಡನೇ ದಿನ ಮನೆಗೆ ಕಳಿಸಿದ್ದರು. ಮುತ್ತಪ್ಪ ಆ ಗಾಯದ ಗುರುತನ್ನು ಬಂದವರಿಗೆಲ್ಲ ಅಂಗಿ ಎತ್ತಿ ತೋರಿಸುತ್ತಿದ್ದ. ಅದು ಬಟಾಣಿಯಷ್ಟಿತ್ತು. ಸಣ್ಣದರಲ್ಲಿ ಮುಗಿಯುವ ಕೆಲಸವನ್ನು ದೊಡ್ಡದು ಮಾಡಿ ಹೇಳುವವನ ಕಿಸೆಯಲ್ಲಿ ಏನೋ ಇದ್ದೇ ಇರುತ್ತದೆ ಎಂಬುದು ದಲಾಲನ ಅನುಭವ. ದೊಡ್ಡ ಗಾಯ, ಹೆಚ್ಚು ದಿನದ ವಾಸ, ಸ್ಕ್ರೂ ಕೊಟ್ಟವನಿಂದ ಬೇರೆ ದಲಾಲಿ. ರಾಚಪ್ಪ ಎಲ್ಲವನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡ. ಹೋಗುವುದಾದರೆ ಹುಬ್ಬಳ್ಳಿಗೇ ಹೋಗುವುದು, ಸಣ್ಣ ತೂತೇ ಆಗಬೇಕು.

ಹುಬ್ಬಳ್ಳಿಗೆ ಹೊರಡುವಾಗ, ಬೆಳಗಾವಿಯ ಡಾಕ್ಟರು ಬರೆದುಕೊಟ್ಟ ಕಾಗದವನ್ನು ಮಗಳಿಗೆ ಗೊತ್ತಾಗದಂತೆ ಒಳಗಿನ ಬನಿಯನ್ನಿನಲ್ಲಿ ಅಡಗಿಸಿಟ್ಟ. ಬರೀ ಫಿಲ್ಮು ಕೊಡುವುದು, ಹುಬ್ಬಳ್ಳಿಯವನ ಬಾಯಿಂದ ಏನು ಬರುತ್ತದೋ ನೋಡುವುದು. ಎತ್ತು ಮಾರುವಾಗ ಹಿಂದಿನ ಗಿರಾಕಿ ಹೇಳಿದ ಬೆಲೆಯನ್ನು ಯಾವ ದಡ್ಡನೂ ಮುಂದಿನವನಿಗೆ ಹೇಳುವುದಿಲ್ಲ.

ಹುಬ್ಬಳ್ಳಿಯ ಡಾಕ್ಟರಿಗೆ ಐವತ್ತರ ಹತ್ತಿರ ವಯಸ್ಸು. ರಾಚಪ್ಪ ಮೊದಲು ಅವರ ಕೈ ನೋಡಿದ. ಉಗುರು ಸಣ್ಣಗೆ ಕತ್ತರಿಸಿದ್ದವು, ಬೆರಳು ನಡುಗುತ್ತಿರಲಿಲ್ಲ. ಹಲ್ಲು ನೋಡಲು ಅವಕಾಶ ಸಿಗಲಿಲ್ಲ, ಅವರು ನಗಲೇ ಇಲ್ಲ. ಫಿಲ್ಮುಗಳನ್ನು ಎರಡು ಸಲ ನೋಡಿ, ರಾಚಪ್ಪನಿಗೆ ಮುಷ್ಟಿ ಕಟ್ಟಿ ಬಿಚ್ಚಲು ಹೇಳಿ, ಗೆರೆಯ ಮೇಲೆ ನಡೆಸಿ, ಕಡೆಗೆ ಕುರ್ಚಿಯಲ್ಲಿ ಕೂಡಿಸಿದರು.

"ತೆರೆದ ಆಪರೇಷನ್ನ ಮಾಡಬೇಕ್ರಿ ಯಜಮಾನ್ರ. ಹಿಂದಿನಿಂದ."

ರಾಚಪ್ಪ ಸಂತೆಯ ಬಾಣ ಬಿಟ್ಟ. "ಹೌದ್ರಿ? ಬೆಳಗಾವ್ಯಾಗ ದೊಡ್ಡ ಡಾಕ್ಟ್ರು ಸಣ್ಣ ತೂತಿನ್ಯಾಗ ಆಗತೈತಿ ಅಂದಾರಲ್ರಿ?"

ಶೋಭಾ ದಿಗಿಲಿನಿಂದ ಅಪ್ಪನ ಮುಖ ನೋಡಿದಳು. ಡಾಕ್ಟರು ಫಿಲ್ಮನ್ನು ಮತ್ತೊಮ್ಮೆ ಬೆಳಕಿಗಿಟ್ಟರು. "ಇದನ್ನ ನೋಡಿದವ್ರು ಯಾರೂ ಹಂಗ ಅಂದಿರಾಕಿಲ್ರಿ. ಒಂದ ವ್ಯಾಳೆ ಅಂದಿದ್ರ, ಅದು ತಪ್ಪು."

"ನೀವು ಸಣ್ಣ ತೂತಿನವ್ರ ಅಲ್ಲೇನ್ರಿ? ನಮ್ಮ ಬೀಗರಿಗೆ ಮಾಡೀರಿ. ನಮಗ್ಯಾಕ ಆಗೂದಿಲ್ಲ?"

"ಮಾಡತೀನ್ರಿ. ದಿನಾ ಮಾಡತೀನಿ," ಅಂದರು ಡಾಕ್ಟರು. ಆಮೇಲೆ ಅವರು ವಿವರಿಸಿದ್ದನ್ನು ಶೋಭಾ ಇವತ್ತಿಗೂ ಹೇಳಬಲ್ಲಳು. ನಳಿಗೆ ತೂರಿಸಿದರೆ ಸ್ನಾಯು ಕೊಯ್ಯಬೇಕಾಗಿಲ್ಲ, ಬದಿಗೆ ಸರಿಸಿದರೆ ಸಾಕು. ರಕ್ತ ಕಡಿಮೆ ಹೋಗುತ್ತದೆ, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಸೊಂಟದಲ್ಲಿ ಒಂದೇ ಕಡೆ ನರ ಒತ್ತಿದ್ದ ಮುತ್ತಪ್ಪನಂಥವರಿಗೆ ಅದೇ ಒಳ್ಳೆಯದು. ಕುತ್ತಿಗೆಯಲ್ಲೂ ಒಂದೆರಡು ಕಡೆ ಮಾತ್ರ ಒತ್ತಿದ್ದರೆ ನೋಡಬಹುದಿತ್ತು. ಆದರೆ ರಾಚಪ್ಪನ ಕುತ್ತಿಗೆಯಲ್ಲಿ ಮೂರು ಕಡೆ ಹುರಿ ಚಪ್ಪಟೆಯಾಗಿದೆ, ಹುರಿಯ ಮುಂದೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ ಗಟ್ಟಿಯಾಗಿ ಮೂಳೆಯೇ ಆಗಿಬಿಟ್ಟಿದೆ. ನಳಿಗೆಯಲ್ಲಿ ಕಾಣುವುದು ಉಗುರಿನಷ್ಟು ಜಾಗ. ಅಷ್ಟು ಇಕ್ಕಟ್ಟಿನಲ್ಲಿ, ಮೊದಲೇ ಅದುಮಿದ ಹುರಿಯ ಮೇಲೆ ಉಪಕರಣ ಆಡಿಸುವುದು ಅಪಾಯ. ಎಲ್ಲೋ ಸ್ವಲ್ಪ ಒತ್ತು ಉಳಿದರೆ ಮತ್ತೆ ಕೊಯ್ಯಬೇಕು. ತೆರೆದು ಮಾಡಿದರೆ ಗಾಯ ದೊಡ್ಡದು, ಕುತ್ತಿಗೆ ತಿಂಗಳುಗಟ್ಟಲೆ ನೋಯುತ್ತದೆ, ಕೀವಾಗುವ ಭಯ ಹೆಚ್ಚು. ಅದನ್ನೇನೂ ಅವರು ಮುಚ್ಚಿಡಲಿಲ್ಲ.

"ಸಣ್ಣ ಗಾಯ ನಿಮ್ಮ ಚರ್ಮಕ್ಕ ಚಲೋರಿ. ನಿಮ್ಮ ಹುರಿಗೆ ಜಾಗಾ ಬೇಕಾಗೈತಿ," ಅಂದರು. "ಇನ್ನೊಂದು ಮಾತು. ಆಪರೇಷನ್ ಮಾಡೂದು ಇನ್ನಷ್ಟ ಹಾಳಾಗಬಾರದು ಅಂತ. ಹೋಗಿದ್ದೆಲ್ಲಾ ತಿರುಗಿ ಬರತೈತಿ ಅಂತ ನಾ ಮಾತು ಕೊಡೂದಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸಾಕಾಗುತ್ತಿತ್ತು. ರಾಚಪ್ಪನ ಅನುಮಾನಕ್ಕೆ ಮಾತ್ರ ಇದು ಹೊಸ ಮೇವು. ತನ್ನ ಕಸುಬನ್ನೇ ಬೇಡ ಅನ್ನುವ ಕಸುಬುದಾರನನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬೆಳಗಾವಿಯವನು ಹೇಳಿದ್ದನ್ನೇ, ಕಾಗದ ನೋಡದೆ, ಹುಬ್ಬಳ್ಳಿಯವನೂ ಹೇಳಿದ. ಸಂತೆಯಲ್ಲಿ ಇಬ್ಬರು ದಲಾಲರು ಜಗ್ಗಾಡದೆ ಒಂದೇ ಬೆಲೆಗೆ ಬಂದರೆಂದರೆ ಅವರಿಬ್ಬರೂ ಬೆಳಿಗ್ಗೆಯೇ ಕೂತು ಮಾತಾಡಿಕೊಂಡಿದ್ದಾರೆ ಎಂದೇ ಅರ್ಥ. ಈಗ ಎಲ್ಲರ ಕೈಯಲ್ಲೂ ಫೋನಿದೆ.

ಎದ್ದು ಹೋಗಲು ಅಣಿಯಾದವನಿಗೆ ಹೆಗಲ ಮೇಲಿನ ಟವೆಲು ಕೈಗೆ ಸಿಕ್ಕಿತು. ಬಾಯಿ ಸುಳ್ಳು ಹೇಳೀತು, ಟವೆಲಿನ ಕೆಳಗೆ ಮನುಷ್ಯ ಸುಳ್ಳು ಹೇಳಲಾರ. ಕೆಂಚಪ್ಪನೊಬ್ಬನನ್ನು ಬಿಟ್ಟು.

"ಸಾಹೇಬ್ರ, ಒಂದು ಮಾತ್ರೀ. ನಿಮ್ಮ ಕೈ ಕೊಡ್ರಿ ಇಲ್ಲೆ," ಎಂದು ಡಾಕ್ಟರ ಕೈ ಹಿಡಿದು ಮೇಲೆ ಟವೆಲು ಹೊದಿಸಿದ. "ಈ ಕುತ್ತಿಗಿ ನಿಮ್ಮ ಅಪ್ಪಂದು ಅಂತ ತಿಳೀರಿ. ಸಣ್ಣ ತೂತಾದ್ರ ನನ್ನ ಒಂದು ಬೆರಳು ಹಿಡೀರಿ. ದೊಡ್ಡದಾದ್ರ ನಾಕು ಹಿಡೀರಿ. ಬಾಯಿಲೆ ಏನೂ ಅನಬ್ಯಾಡ್ರಿ. ಉಳಿದ ಡಾಕ್ಟ್ರಿಗೆ ಯಾರಿಗೂ ಗೊತ್ತಾಗೂದಿಲ್ಲ."

"ಯಪ್ಪಾ, ಏನ್ ಮಾಡಾಕತ್ತೀ ನೀ?" ಎಂದು ಶೋಭಾ ನಾಚಿ ಅರ್ಧ ಎದ್ದಳು. ಡಾಕ್ಟರು ಅವಳಿಗೆ ಕೂಡುವಂತೆ ಕಣ್ಣಲ್ಲೇ ಹೇಳಿ, ಟವೆಲಿನ ಕೆಳಗೆ ಬೆರಳು ಹಿಡಿದರು.

ರಾಚಪ್ಪ ಕಣ್ಣು ಮುಚ್ಚಿದ. ಮೂವತ್ತು ವರ್ಷದ ಕಸುಬೆಲ್ಲ ಬೆರಳಿಗೆ ಬಂದು ನಿಂತಿತು. ತೋರುಬೆರಳಿನ ಮೇಲೆ ಒತ್ತು ಇತ್ತು. ಅದರ ಆಚೆ ಏನೂ ಇಲ್ಲ. ಅವನ ಮುಖ ಅರಳಿತು.

"ಒಂದು!" ಅಂದ. "ನೋಡ್ ಶೋಭಾ, ಒಂದು ಹಿಡದಾರ! ನಾ ಹೇಳಿರಲಿಲ್ಲೇನು? ಬಾಯಿಲೆ ಒಂದು, ಬೆರಳಲೆ ಒಂದು!"

ಡಾಕ್ಟರು ಹಿಡಿತ ಬಿಡಲಿಲ್ಲ. ಶೋಭಾ ಸಂತೆ ಕಂಡವಳಲ್ಲ, ಟವೆಲು ತೆಗೆಯಬಾರದೆಂಬುದೂ ಅವಳಿಗೆ ಗೊತ್ತಿಲ್ಲ. ಎದ್ದು ಬಂದು ಟವೆಲನ್ನು ಎತ್ತಿಬಿಟ್ಟಳು.

ಡಾಕ್ಟರು ಅವನ ನಾಲ್ಕು ಬೆರಳನ್ನೂ ಒಟ್ಟಿಗೆ, ಬಿಗಿಯಾಗಿ ಹಿಡಿದಿದ್ದರು. ಹಿಡಿದ ಕಡೆ ರಾಚಪ್ಪನ ಚರ್ಮ ಬೆಳ್ಳಗಾಗಿತ್ತು. ಕಣ್ಣಿಗೆ ಕಾಣುತ್ತಿದೆ, ಬೆರಳಿಗೆ ಗೊತ್ತಿಲ್ಲ. ರಾಚಪ್ಪ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತ. ಅವನಿಗೆ ಮೊದಲು ನೆನಪಾದದ್ದು ಕುತ್ತಿಗೆಯೂ ಅಲ್ಲ, ಕಾಲೂ ಅಲ್ಲ. ಮೂಡಲಗಿಯ ಸಂತೆಯಲ್ಲಿ ತನ್ನ ಮುಖ ಬಿಟ್ಟು ಕೈ ನೋಡಿದ ಕೆಂಚಪ್ಪ.

ಬನಿಯನ್ನಿನೊಳಗಿನ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟ. ಬೆವರಿಗೆ ಒದ್ದೆಯಾಗಿತ್ತು. "ಯಾವಾಗ ಮಾಡ್ತೀರಿ ಹೇಳ್ರಿ," ಅಂದ.

ಆಪರೇಷನ್ ನಾಲ್ಕು ತಾಸು ನಡೆಯಿತು. ಎಚ್ಚರವಾದ ಮೇಲೆ ಅವನು ಮಾಡಿದ ಮೊದಲ ಕೆಲಸ ಕಾಲು ಅಲ್ಲಾಡಿಸಿ ನೋಡಿದ್ದು. ಎರಡನೆಯದು, ಎಷ್ಟು ಸ್ಕ್ರೂ ಹಾಕಿದ್ದಾರೆಂದು ನರ್ಸಿಗೆ ಕೇಳಿ, ಎಕ್ಸ್‌ರೇ ತರಿಸಿ ಎಣಿಸಿದ್ದು. ಗುಣ ಒಂದೇ ದಿನದಲ್ಲಿ ಹೋಗುತ್ತದೆಯೇ? ಗಾಯ ಒಂದು ಗೇಣು ಉದ್ದವಿತ್ತು. ನೋಡಲು ಬಂದ ಮುತ್ತಪ್ಪ "ನಂದು ಬಟಾಣಿ, ಬೀಗರದು ನಾಗರಹಾವು" ಎಂದು ಕಿಚಾಯಿಸಿ, ತಾನು ಅಂಗಿ ಎತ್ತಿ ತೋರಿಸುವುದನ್ನು ಅಂದಿನಿಂದ ಬಿಟ್ಟ. ಮೊದಲ ವಾರ ನೋವು ಕಾಣಬಾರದ್ದನ್ನೆಲ್ಲ ತೋರಿಸಿತು. ಎರಡು ತಿಂಗಳು ಪಟ್ಟಿ ಕಟ್ಟಿಕೊಂಡ ಕುತ್ತಿಗೆ ಅತ್ತಿತ್ತ ತಿರುಗಲಿಲ್ಲ. ಚಹಾದ ತಳ ಬಗ್ಗಿ ನೋಡಲಾಗದೆ ರಾಚಪ್ಪ ಯಲ್ಲವ್ವ ಕೊಟ್ಟದ್ದನ್ನು ಹಾಗೇ ಕುಡಿದ. ಸಕ್ಕರೆ ಸರಿಯಾಗಿಯೇ ಇತ್ತು.

ನಡಿಗೆ ನೆಟ್ಟಗಾಯಿತು. ಗೋಡೆ ಬಿಟ್ಟು ಅಂಗಳ ದಾಟಿದ, ಅಂಗಳ ಬಿಟ್ಟು ಬಸ್ ಸ್ಟ್ಯಾಂಡಿನ ತನಕ ಹೋಗಿ ಎರಡೂ ಚಪ್ಪಲಿಯ ಸಮೇತ ವಾಪಸು ಬಂದ. ಹೆಬ್ಬೆರಳು, ತೋರುಬೆರಳಿಗೆ ಬಿಸಿ ತಂಪು ತಿಳಿಯತೊಡಗಿತು. ಉಳಿದ ಮೂರು ಮಾತ್ರ ಮಂಕಾಗಿಯೇ ಉಳಿದವು. ಮುಂದೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು ಹುಬ್ಬಳ್ಳಿಯ ಡಾಕ್ಟರು. ರಾಚಪ್ಪ ಈ ಸಲ ಬೇರೆಯವರನ್ನು ಕೇಳಲು ಹೋಗಲಿಲ್ಲ.

ನಾಲ್ಕನೇ ತಿಂಗಳು ಮೂಡಲಗಿಗೆ ಹೋದ. ಹೋಗುವ ಮುಂಚೆ ಎರಡು ವಾರ ನಿದ್ದೆಯಿರಲಿಲ್ಲ. ಕೆಂಚಪ್ಪನ ಹೆಸರು ಕೆಡಿಸಿದ್ದು ಸಂತೆಯಲ್ಲಿ, ತೊಳೆಯಬೇಕಾದದ್ದೂ ಅಲ್ಲಿಯೇ. ಆದರೆ ಆ ಸಂತೆಯಲ್ಲಿ ನಿಂತು ನನ್ನ ಬೆರಳಿಗೆ ಗೊತ್ತಾಗುವುದಿಲ್ಲ ಎಂದು ಹೇಳಿದ ದಲಾಲನ ಕೈಗೆ ಯಾರು ಹಗ್ಗ ಕೊಟ್ಟಾರು? ಹೇಳಿದರೆ ಕಸುಬು ಹೋಗುತ್ತದೆ, ಹೇಳದಿದ್ದರೆ ಕೆಂಚಪ್ಪ ಸಾಯುವ ತನಕ ಕಳ್ಳ. ಹೇಳದೆ ಉಳಿಯಲು ಅವನಿಗೆ ಸಾಧ್ಯವಾಗಲಿಲ್ಲ.

ಕೆಂಚಪ್ಪ ಬೇವಿನ ಮರದ ಬುಡದಲ್ಲಿ ಒಬ್ಬನೇ ಗಿರಾಕಿಯ ಜೊತೆ ನಿಂತಿದ್ದ. ಮೊದಲು ಅವನ ಸುತ್ತ ಹತ್ತು ಜನ ಇರುತ್ತಿದ್ದರು. ಎದುರಿಗೆ ಬಾಳೇಶ ಒಂದು ಎಮ್ಮೆ ಹಿಡಿದುಕೊಂಡಿದ್ದ. ರಾಚಪ್ಪ ನೇರ ಹೋಗಿ ನಿಂತು, ಅಕ್ಕಪಕ್ಕದವರಿಗೆ ಕೇಳುವಂತೆ ಹೇಳಿದ.

"ಎಲ್ಲಾರೂ ಕೇಳ್ರಿ. ಆವತ್ತ ಕೆಂಚಪ್ಪ ಮೂರ ಹಿಡದಿದ್ದ. ಸುಳ್ಳಾಗಿದ್ದು ನನ್ನ ಕೈ. ನನ್ನ ಬೆರಳಿಗೆ ಗೊತ್ತಾಗೂದಿಲ್ರಿ. ಈಗೂ ಪೂರಾ ಗೊತ್ತಾಗೂದಿಲ್ಲ."

ಕೆಂಚಪ್ಪ ಅವನ ತೋಳು ಹಿಡಿದು ಮರದ ಹಿಂದಕ್ಕೆ ಎಳೆದ. ಮುಖ ಕೆಂಪಗಾಗಿತ್ತು. "ಹುಚ್ಚನೇನಲೇ ನೀ? ಪ್ಯಾಟಿ ತುಂಬಾ ಸಾರತೀಯಲ್ಲ! ಇಷ್ಟ ದಿನಾ ನಾ ಬಾಯಿ ಮುಚಗೊಂಡು ಕುಂತಿದ್ದು ಯಾತಕ್ಕ?"

"ನಿನಗ ಗೊತ್ತಿತ್ತೇನು?"

"ಆವತ್ತಿಗಿಂತ ಎರಡ ತಿಂಗಳ ಮೊದಲಿಂದ ಗೊತ್ತಿತ್ತಲೇ. ನೀ ತಪ್ಪಬಾರದು ಅಂತ ಬೆರಳು ಮುರಿಯೂವಂಗ ಒತ್ತತಿದ್ದೆ, ಎರಡೆರಡು ಸಲ ಹಿಡೀತಿದ್ದೆ. ಅವತ್ತೊಂದು ದಿನ ಗಿರಾಕಿ ಗಡಿಬಿಡಿ ಮಾಡಿದ, ಒಂದ ಸಲ ಹಿಡದು ಬಿಟ್ಟೆ."

"ಮತ್ತ ನನಗರೆ ಹೇಳಬಾರದಾಗಿತ್ತೇನೋ?"

ಕೆಂಚಪ್ಪ ಅವನನ್ನೇ ನೋಡಿದ. "ಹೇಳಿದ್ರ ನಂಬತಿದ್ದೇನು?"

ರಾಚಪ್ಪ ತನ್ನ ಕೈ ನೋಡಿಕೊಂಡ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಟವೆಲಿಗೆ ಕೈ ಹಾಕಿದರೆ ಕೆಂಚಪ್ಪ ಅದನ್ನು ಕಿತ್ತುಕೊಂಡ.

"ಅಳೂದು ಆಮ್ಯಾಲ. ಬಾಳೇಶನ ಎಮ್ಮಿಗೆ ಎಪ್ಪತ್ತರ ಮ್ಯಾಲ ಎಷ್ಟು ಅನ್ನೂದು ಉಳದೈತಿ. ಅವನ ಕಡಿಂದ ನಿಲ್ಲು ಬಾ."

ಬಾಳೇಶ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಕೆಂಚಪ್ಪ ರಾಚಪ್ಪನ ಬಲಗೈ ಹಿಡಿದು ಮೇಲೆ ಟವೆಲು ಹಾಕಿದ. ಜನ ಮತ್ತೆ ಸೇರತೊಡಗಿದರು.

"ಎಷ್ಟು?" ಅಂದ ಕೆಂಚಪ್ಪ.

ತೋರುಬೆರಳಿಗೆ ಹಿಡಿತ ತಿಳಿಯಿತು. ಅದರಾಚೆ ಮಂಕು. ಎರಡೋ, ಮೂರೋ, ನಾಲ್ಕೋ. ಊಹಿಸಿ ಹೇಳಬಹುದಿತ್ತು. ಕೆಂಚಪ್ಪನ ಮುಂಗೈ ಉಬ್ಬಿದ್ದು ನೋಡಿ ಲೆಕ್ಕ ಹಾಕಬಹುದಿತ್ತು. ಸುಮ್ಮನೆ ಟವೆಲಿನ ಅಂಚು ಎತ್ತಿದ್ದರೂ ಆಗುತ್ತಿತ್ತು.

"ಗೊತ್ತಾಗವಲ್ದು," ಅಂದ ರಾಚಪ್ಪ.

"ಮೂರು," ಎಂದು ಕೆಂಚಪ್ಪ ಅವನಿಗಷ್ಟೇ ಕೇಳುವಂತೆ ಹೇಳಿದ.

ರಾಚಪ್ಪ ಬಾಳೇಶನ ಕಿವಿಗೆ ಬಾಗಿದ. ಗಾಯದ ಕುತ್ತಿಗೆ ಚುರ್ರೆಂದಿತು. "ಮೂರು," ಅಂದ.

ಬಾಳೇಶ ಟವೆಲು ನೋಡಿದ, ಕೆಂಚಪ್ಪನನ್ನು ನೋಡಿದ. "ಖರೆ ಏನು ಕಾಕಾ? ನಿಮಗ ಗೊತ್ತಾತೇನು?"

"ನನಗ ಗೊತ್ತಾಗಿಲ್ಲೋ," ಅಂದ ರಾಚಪ್ಪ. "ಖರೆ ಐತಿ. ಹಗ್ಗಾ ಬಿಚ್ಚು."